ಮಾಯಾ ಕುಣಿತದ ಮರದ ಪ್ರಾಣಿ ಮೊಗವಾಡ: ನೋಡುವ, ಕೊಳ್ಳುವ, ಕಾಪಾಡುವ ಕ್ರಮ

ಗ್ವಾಟೆಮಾಲಾ ದೇಶದ ಎತ್ತರದ ಸೀಮೆಯಲ್ಲಿರುವ ಚಿಚಿಕಾಸ್ತೆನಾಂಗೊ ಊರಿನಲ್ಲಿ ಗುರುವಾರ ಮತ್ತು ಭಾನುವಾರ ಸಂತೆ ನೆರೆಯುತ್ತದೆ. ನೇಯ್ದ ಬಟ್ಟೆ, ಧೂಪ, ಹೂವು, ತರಕಾರಿಗಳ ನಡುವೆ ಮರದ ಮೊಗವಾಡಗಳನ್ನು ಸಾಲಾಗಿ ತೂಗುಹಾಕಿದ ಅಂಗಡಿಗಳೂ ಅಲ್ಲಿ ಇರುತ್ತವೆ. ಬಾಯಿ ತೆರೆದ ಜಾಗ್ವಾರ್, ಕೊಂಬು ಹೊತ್ತ ಜಿಂಕೆ, ಹಲ್ಲು ಕಿರಿದ ಕೋತಿ, ಗೂಳಿ, ನಾಯಿ ಎಲ್ಲವೂ ಒಂದೇ ಹಗ್ಗದಲ್ಲಿ ತೂಗುತ್ತಿರುತ್ತವೆ. ಮೊದಲ ಸಲ ನೋಡುವವರು ಬಣ್ಣಕ್ಕೆ ಮಾರುಹೋಗಿ, ಎದುರಿನಿಂದಷ್ಟೇ ನೋಡಿ, ಬೆಲೆ ಕೇಳುತ್ತಾರೆ. ಆದರೆ ಅಲ್ಲಿಯ ಮೂಲನಿವಾಸಿಗಳಾದ ಮಾಯಾ ಜನರ ಕಿಚೆ ಭಾಷೆಯಲ್ಲಿ ‘ಕೋಹ್’ ಎಂದು ಕರೆಯುವ ಈ ವಸ್ತು ಗೋಡೆಗಾಗಿ ಹುಟ್ಟಿದ್ದಲ್ಲ. ಒಬ್ಬ ಮನುಷ್ಯ ಅದನ್ನು ಮುಖಕ್ಕೆ ಕಟ್ಟಿಕೊಂಡು ಬಿಸಿಲಿನಲ್ಲಿ ಗಂಟೆಗಟ್ಟಲೆ ಕುಣಿಯಲೆಂದು ಹುಟ್ಟಿದ್ದು. ಆದ್ದರಿಂದ ಅದನ್ನು ಕುಣಿಯುವವನ ಕಡೆಯಿಂದ, ಅಂದರೆ ಒಳಗಿನಿಂದ, ಓದಬೇಕು ಎಂಬುದು ಈ ಲೇಖನದ ಮುಖ್ಯ ಮಾತು. ಮುಂದೆ ಹೇಳುವ ಹೆಜ್ಜೆಗಳು ಅಲ್ಲಿಗೆ ಪ್ರವಾಸ ಹೋಗುವವರಿಗೂ, ಅಮೆರಿಕದ ಹಳೆಯ ವಸ್ತುಗಳ ಅಂಗಡಿಯಲ್ಲೋ ಆನ್‌ಲೈನ್ ಹರಾಜಿನಲ್ಲೋ ಇಂಥದೊಂದನ್ನು ಕಂಡು ಕೊಳ್ಳಬೇಕೆ ಎಂದು ಯೋಚಿಸುವವರಿಗೂ, ಸಂಗ್ರಹಾಲಯದಲ್ಲಿ ನಿಂತು ಸರಿಯಾಗಿ ನೋಡಬಯಸುವವರಿಗೂ ಉಪಯೋಗವಾಗುತ್ತವೆ.

ಮೊದಲ ಹೆಜ್ಜೆ: ಯಾವ ಕುಣಿತದ್ದು ಎಂದು ಕೇಳಿ

ಮಾರುವವರನ್ನು ‘ಇದು ಯಾವ ಪ್ರಾಣಿ’ ಎಂದು ಕೇಳುವ ಮೊದಲು ‘ಇದು ಯಾವ ಕುಣಿತದ್ದು’ ಎಂದು ಕೇಳಬೇಕು. ಒಂದೇ ಪ್ರಾಣಿ ಹಲವು ಕುಣಿತಗಳಲ್ಲಿ ಬರುತ್ತದೆ, ಮತ್ತು ಕುಣಿತ ಬದಲಾದರೆ ಅದರ ಪಾತ್ರವೂ ಬದಲಾಗುತ್ತದೆ. ಸ್ಪ್ಯಾನಿಷ್‌ನಲ್ಲಿ ‘ಬೈಲೆ’ ಎಂದರೆ ಕುಣಿತ. ‘ಬೈಲೆ ದೆಲ್ ವೆನಾದೊ’ ಎಂಬುದು ಜಿಂಕೆಯ ಕುಣಿತ, ‘ಬೈಲೆ ದೆ ತೊರಿತೊಸ್’ ಎಂಬುದು ಗೂಳಿಗಳ ಕುಣಿತ. ಪ್ರಾಣಿಗಳೇ ಪಾತ್ರಧಾರಿಗಳಾಗಿ ಬರುವ ‘ಬೈಲೆ ದೆ ಅನಿಮಲಿತೊಸ್’ ಎಂಬುದೂ ಇದೆ. ಈ ಮೂರು ಹೆಸರುಗಳನ್ನು ನೆನಪಿಟ್ಟುಕೊಂಡರೆ ಸಂತೆಯಲ್ಲಿ ಅರ್ಧ ಸಂಭಾಷಣೆ ನಡೆದಂತೆಯೇ.

ಜಿಂಕೆಯ ಕುಣಿತದಲ್ಲಿ ಬೇಟೆಯೇ ಕಥೆ. ಮುದುಕ ಬೇಟೆಗಾರ, ಗಂಡಸರೇ ಹಾಕುವ ಮುದುಕಿಯ ವೇಷ, ನಾಯಿಗಳು, ಕೋತಿಗಳು, ಜಾಗ್ವಾರ್, ಜಿಂಕೆಗಳು ಒಂದೇ ಅಂಗಳದಲ್ಲಿ ಎದುರಾಗುತ್ತವೆ. ಬೇಟೆಯಾಡುವ ಮೊದಲು ಬೆಟ್ಟದ ಒಡೆಯನಿಂದ ಅಪ್ಪಣೆ ಪಡೆಯಬೇಕು ಎಂಬ ನಂಬಿಕೆ ಇದರ ಬೆನ್ನಿಗಿದೆ. ಅಲ್ಟಾ ವೆರಾಪಾಸ್ ಸೀಮೆಯ ಕೆಕ್ಚಿ ಮಾಯಾ ಜನರು ಆ ಒಡೆಯನನ್ನು ‘ತ್ಸೂಲ್‌ತಕಾ’ ಎಂದು, ಅಂದರೆ ಬೆಟ್ಟ ಮತ್ತು ಕಣಿವೆ ಎರಡೂ ಆಗಿರುವವನೆಂದು, ಕರೆಯುತ್ತಾರೆ. ಈ ಬಗೆಯ ಬೇಟೆಯ ಕುಣಿತ ಹೊಸದಲ್ಲ. 1627ರಿಂದ 1637ರವರೆಗೆ ಗ್ವಾಟೆಮಾಲಾದಲ್ಲಿದ್ದ ಥಾಮಸ್ ಗೇಜ್ ಎಂಬ ಇಂಗ್ಲಿಷ್ ಪಾದ್ರಿ 1648ರಲ್ಲಿ ಅಚ್ಚಾದ ತನ್ನ ಪ್ರವಾಸ ಕಥನದಲ್ಲಿ, ಮೃಗಗಳ ತೊಗಲಿನಂತೆ ಬಣ್ಣ ಬಳಿದ ವೇಷ ತೊಟ್ಟು, ತಲೆಗೆ ಮೃಗದ ತಲೆಯನ್ನು ಹೋಲುವ ವೇಷ ಹೊತ್ತು ಬೇಟೆಯನ್ನು ಕುಣಿಯುವ ಜನರನ್ನು ವರ್ಣಿಸಿದ್ದಾನೆ. ಇನ್ನೂ ಹಿಂದಕ್ಕೆ ಹೋದರೆ, ಮೆಕ್ಸಿಕೊದಲ್ಲಿರುವ ಹಳೆಯ ಮಾಯಾ ಊರು ಬೊನಾಂಪಾಕ್‌ನ, ಕ್ರಿ.ಶ. 790ರ ಸುಮಾರಿನ ಭಿತ್ತಿಚಿತ್ರಗಳ ಮೊದಲ ಕೋಣೆಯಲ್ಲಿ ಮೊಸಳೆ, ಏಡಿ ಮುಂತಾದ ಜಲಚರಗಳ ಮೊಗವಾಡ ತೊಟ್ಟವರು ವಾದ್ಯಗಾರರ ಜೊತೆ ನಿಂತಿರುವುದು ಕಾಣುತ್ತದೆ. ಮರದ ಮೊಗವಾಡ ಅಷ್ಟು ಕಾಲ ತೇವದ ನಾಡಿನಲ್ಲಿ ಉಳಿಯಲಾರದು. ಚಿತ್ರವೇ ನಮಗೆ ಸಾಕ್ಷಿ.

ಗೂಳಿಗಳ ಕುಣಿತ ಬೇರೆ ಜಾತಿಯದು. ದನಕರು ಆ ನಾಡಿಗೆ ಬಂದದ್ದೇ ಸ್ಪೇನಿನವರ ಜೊತೆಯಲ್ಲಿ. ಅದರಲ್ಲಿ ಜಮೀನ್ದಾರನಿದ್ದಾನೆ, ಅವನ ದನ ಕಾಯುವ ಆಳುಗಳಿದ್ದಾರೆ, ಕೊನೆಗೆ ಯಜಮಾನ ಗೂಳಿಯ ಕೊಂಬಿಗೆ ಸಿಕ್ಕಿ ಸಾಯುತ್ತಾನೆ. ಇದನ್ನು ತಿಳಿದ ಮೇಲೆ ಗೂಳಿಯ ಮೊಗವಾಡವನ್ನು ಬರೀ ಚೆಂದದ ಬೊಂಬೆಯೆಂದು ನೋಡಲಾಗುವುದಿಲ್ಲ.

ಎರಡನೆಯ ಹೆಜ್ಜೆ: ಪ್ರಾಣಿಯನ್ನು ಅಲ್ಲಿಯ ಹೆಸರಿನಿಂದ ಗುರುತಿಸಿ

ಇಲ್ಲಿ ಕನ್ನಡಿಗರು ಸುಲಭವಾಗಿ ಎಡವುತ್ತಾರೆ. ಅಂಗಡಿಯವರು ‘ತಿಗ್ರೆ’ ಎಂದರೆ ನಮ್ಮ ಹುಲಿಯಲ್ಲ, ಜಾಗ್ವಾರ್; ‘ಲಿಯೊನ್’ ಎಂದರೆ ಗೀರ್ ಕಾಡಿನ ಸಿಂಹವಲ್ಲ, ಅಲ್ಲಿಯ ಕಾಡಿನ ಪೂಮಾ. ಹುಲಿಯೂ ಸಿಂಹವೂ ಆ ಖಂಡದಲ್ಲಿ ಇಲ್ಲವೇ ಇಲ್ಲ. ಸ್ಪೇನಿನವರು ತಮಗೆ ಗೊತ್ತಿದ್ದ ಹೆಸರುಗಳನ್ನು ಅಲ್ಲಿಯ ಪ್ರಾಣಿಗಳಿಗೆ ಅಂಟಿಸಿದರು. ಕಿಚೆ ಭಾಷೆಯಲ್ಲಿ ಜಾಗ್ವಾರ್ ‘ಬಲಾಮ್’. ಹಳದಿ ಮೈಗೆ ಕಪ್ಪು ಮಚ್ಚೆ, ತೆರೆದ ಬಾಯಿ, ಕೋರೆಹಲ್ಲು, ಕೆಂಪು ನಾಲಗೆ ಇದ್ದರೆ ಅದು ಬಲಾಮ್ ಎಂದು ಹೇಳಬಹುದು. ನಿಜವಾದ ಜಾಗ್ವಾರ್ ಮೈಮೇಲಿನ ಮಚ್ಚೆ ಹೂವಿನಂತೆ ಉಂಗುರವಾಗಿ, ಒಳಗೊಂದು ಚುಕ್ಕೆ ಇಟ್ಟುಕೊಂಡಿರುತ್ತದೆ. ಕೆತ್ತುವವರು ಅದನ್ನು ಹಲವು ಸಲ ಬರೀ ಚುಕ್ಕೆಯಾಗಿ ಸರಳಗೊಳಿಸುತ್ತಾರೆ. ಆದ್ದರಿಂದ ಮಚ್ಚೆಯ ಆಕಾರ ನೋಡಿ ‘ಇದು ಚಿರತೆ’ ಎಂದು ತೀರ್ಮಾನಿಸಬಾರದು.

ಜಿಂಕೆ ಎಂದರೆ ಅಲ್ಲಿ ಬಿಳಿಬಾಲದ ಜಿಂಕೆ. ಅದರ ಕೊಂಬು ಕವಲೊಡೆದಿರುತ್ತದೆ. ಕೆಲವು ಮೊಗವಾಡಗಳಿಗೆ ಮರದಲ್ಲೇ ಕೆತ್ತಿದ ಕೊಂಬು ಇರುತ್ತದೆ, ಕೆಲವಕ್ಕೆ ನಿಜವಾದ ಕೊಂಬನ್ನೇ ಕೂರಿಸಿರುತ್ತಾರೆ. ಕೊಂಬು ಕಳಚಿಹೋಗಿ, ಸಿಕ್ಕಿಸುವ ತೂತು ಮಾತ್ರ ಉಳಿದ ಜಿಂಕೆಯನ್ನು ನಾಯಿಯೆಂದು ಮಾರುವುದೂ ಉಂಟು. ಆದ್ದರಿಂದ ನೆತ್ತಿಯ ಭಾಗವನ್ನು ಬೆರಳಿನಿಂದ ಮುಟ್ಟಿ ನೋಡಬೇಕು.

ಕೋತಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಇಡೀ ಕಲೆಯ ಬೇರು ಅಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಕಿಚೆ ಜನರ ಪುರಾಣವಾದ ಪೊಪೋಲ್ ವುಹ್ ಇಂದು ನಮಗೆ ದೊರೆಯುವುದು, 1700ರ ಆಸುಪಾಸಿನ ವರ್ಷಗಳಲ್ಲಿ ಚಿಚಿಕಾಸ್ತೆನಾಂಗೊದಲ್ಲಿದ್ದ ಪಾದ್ರಿ ಫ್ರಾನ್ಸಿಸ್ಕೊ ಹಿಮೆನೆಸ್ ಮಾಡಿಕೊಂಡ ಪ್ರತಿಯ ಮೂಲಕ. ಆ ಹಸ್ತಪ್ರತಿ ಈಗ ಶಿಕಾಗೊದ ನ್ಯೂಬೆರಿ ಗ್ರಂಥಾಲಯದಲ್ಲಿದೆ. ಅದರಲ್ಲಿ ಕೋತಿ ಎರಡು ಕಡೆ ಬರುತ್ತದೆ. ಮೊದಲನೆಯದು ಸೃಷ್ಟಿಯ ಕಥೆ. ದೇವರುಗಳು ಮಣ್ಣಿನಿಂದ ಮನುಷ್ಯನನ್ನು ಮಾಡಿ ಸೋತ ಮೇಲೆ ಮರದಿಂದ ಮಾಡುತ್ತಾರೆ. ಮರದ ಮನುಷ್ಯರು ಮಾತಾಡಿದರು, ಮಕ್ಕಳನ್ನು ಹೆತ್ತರು, ಆದರೆ ಅವರಲ್ಲಿ ಹೃದಯವಿರಲಿಲ್ಲ, ತಮ್ಮನ್ನು ಮಾಡಿದವರ ನೆನಪಿರಲಿಲ್ಲ. ಆದ್ದರಿಂದ ಪ್ರವಾಹ ಬಂತು, ಅವರ ಮಡಕೆ, ಬೀಸುವ ಕಲ್ಲು, ಸಾಕಿದ ನಾಯಿಗಳೇ ಅವರ ಮೇಲೆ ತಿರುಗಿಬಿದ್ದವು. ಅವರಲ್ಲಿ ಅಳಿದುಳಿದವರ ಗುರುತಾಗಿ ಕಾಡಿನಲ್ಲಿ ಕೋತಿಗಳಿವೆ ಎನ್ನುತ್ತದೆ ಆ ಪುರಾಣ.

ಎರಡನೆಯದು ಹುನ್ ಬಾತ್ಸ್ ಮತ್ತು ಹುನ್ ಚೋವೆನ್ ಎಂಬ ಅಣ್ಣಂದಿರ ಕಥೆ. ಅವರು ಕೊಳಲು ನುಡಿಸುವವರು, ಹಾಡುವವರು, ಬರೆಯುವವರು, ಕೆತ್ತುವವರು. ಎಲ್ಲ ವಿದ್ಯೆ ಇದ್ದೂ ತಮ್ಮಂದಿರಾದ ಹುನಾಹ್ಪು ಮತ್ತು ಶ್ಬಲಾಂಕೆಯರ ಮೇಲೆ ಹೊಟ್ಟೆಕಿಚ್ಚು ಪಟ್ಟವರು. ತಮ್ಮಂದಿರು ಹಕ್ಕಿ ಹೊಡೆದು, ಅದು ಮರದಲ್ಲಿ ಸಿಕ್ಕಿಕೊಂಡಿದೆ ಎಂದು ಹೇಳಿ ಅಣ್ಣಂದಿರನ್ನು ಮರ ಹತ್ತಿಸುತ್ತಾರೆ. ಮರ ಬೆಳೆಯುತ್ತಲೇ ಹೋಗುತ್ತದೆ, ಇಳಿಯಲಾಗದವರು ಸೊಂಟದ ಬಟ್ಟೆಯ ತುದಿಯನ್ನು ಹಿಂದಕ್ಕೆ ಇಳಿಬಿಡುತ್ತಾರೆ, ಅದೇ ಬಾಲವಾಗಿ ಅವರು ಕೋತಿಗಳಾಗುತ್ತಾರೆ. ತಮ್ಮಂದಿರು ಕೊಳಲು ನುಡಿಸಿ ಕರೆದಾಗ ಅವರು ಕುಣಿಯುತ್ತ ಮನೆಗೆ ಬರುತ್ತಾರೆ. ನಗಬಾರದು ಎಂದು ಮೊದಲೇ ಹೇಳಿದ್ದರೂ ಅವರ ಚೇಷ್ಟೆ ನೋಡಿ ಅಜ್ಜಿಗೆ ನಗು ತಡೆಯಲಾಗುವುದಿಲ್ಲ, ಅವರು ಕಾಡಿಗೆ ಓಡಿಹೋಗುತ್ತಾರೆ. ಹಾಗಾದರೂ ಹಾಡುವವರು, ಬರೆಯುವವರು, ಕೆತ್ತುವವರು ಅವರನ್ನೇ ನೆನೆದು ಕೆಲಸ ಶುರುಮಾಡುತ್ತಿದ್ದರು ಎಂದು ಪುರಾಣ ಹೇಳುತ್ತದೆ. ಮಾಯಾ ಪಂಚಾಂಗದ ಇಪ್ಪತ್ತು ದಿನಗಳಲ್ಲಿ ಬಾತ್ಸ್ ಎಂಬ ದಿನ ಇಂದಿಗೂ ಕುಶಲಕರ್ಮಿಗಳ ದಿನ.

ಈಗ ಮೊಗವಾಡದ ಕಡೆ ತಿರುಗಿ. ಮರದ ಮನುಷ್ಯರ ಸಂತತಿಯಾದ, ಕೆತ್ತುವವರ ಒಡೆಯನೂ ಆದ ಕೋತಿಯ ಮುಖವನ್ನು ಕೆತ್ತುವವನು ಮರದಲ್ಲೇ ಕೆತ್ತುತ್ತಾನೆ, ಅದನ್ನು ಕಟ್ಟಿಕೊಂಡವನು ಕುಣಿದು ಜನರನ್ನು ನಗಿಸುತ್ತಾನೆ. ಕೋತಿಯ ಮೊಗವಾಡಗಳಲ್ಲಿ ಮನುಷ್ಯನ ಛಾಯೆ ಇರುವುದು ಕೆತ್ತನೆಯ ದೋಷವಲ್ಲ. ಎತ್ತರದ ಕಂಬದ ತುದಿಯಿಂದ ಹಗ್ಗ ಕಟ್ಟಿಕೊಂಡು ಸುತ್ತುತ್ತ ಇಳಿಯುವ ‘ಪಾಲೊ ವೊಲಾದೊರ್’ ಎಂಬ ಆಚರಣೆ ಕುಬುಲ್ಕೊ ಮತ್ತು ಹೊಯಾಬಾಹ್ ಊರುಗಳಲ್ಲಿ ನಡೆಯುವಾಗಲೂ ಕೋತಿ ವೇಷ ತಪ್ಪದು. ಮರ ಹತ್ತಿ ಇಳಿಯಲಾಗದ ಅಣ್ಣಂದಿರ ಕಥೆ ಬಲ್ಲವರಿಗೆ ಆ ಕಂಬ ಏನೆಂದು ಬೇರೆ ಹೇಳಬೇಕಿಲ್ಲ.

ಮೂರನೆಯ ಹೆಜ್ಜೆ: ಕುಣಿಯುವವನು ಎಲ್ಲಿಂದ ನೋಡುತ್ತಾನೆ ಎಂದು ಹುಡುಕಿ

ಕುಣಿತದ ಮೊಗವಾಡಕ್ಕೆ ಹಲವು ಸಲ ಎರಡು ಜೊತೆ ಕಣ್ಣುಗಳಿರುತ್ತವೆ. ಒಂದು, ಎದುರಿಗಿರುವವರು ನೋಡಲೆಂದು ಬಣ್ಣದಲ್ಲಿ ಬರೆದ ಅಥವಾ ಗಾಜಿನಲ್ಲಿ ಕೂರಿಸಿದ ಕಣ್ಣು. ಇನ್ನೊಂದು, ಅದರ ಮೇಲೋ ಕೆಳಗೋ ಸಣ್ಣ ಸೀಳಾಗಿ ಕೊರೆದ, ಕುಣಿಯುವವನ ಪಾಲಿನ ಕಿಂಡಿ. ಬಾಯಿ ಅಗಲವಾಗಿ ತೆರೆದ ಮೃಗವಾದರೆ ಆ ಬಾಯಿಯೇ ಕಿಂಡಿಯಾಗಬಹುದು.

ಮಾರುವವರ ಅಪ್ಪಣೆ ಪಡೆದು ಮೊಗವಾಡವನ್ನು ಎರಡೂ ಕೈಯಲ್ಲಿ ಹಿಡಿದು ಮುಖದ ಹತ್ತಿರಕ್ಕೆ ತನ್ನಿ. ದಾರ ಕಟ್ಟುವುದು ಬೇಡ. ವಯಸ್ಕ ಮನುಷ್ಯನ ಎರಡು ಕಣ್ಣುಗಳ ನಡುವಿನ ಅಂತರ ಸುಮಾರು 6 ಸೆಂಟಿಮೀಟರ್. ಕಿಂಡಿಗಳು 10 ಸೆಂಟಿಮೀಟರ್ ದೂರದಲ್ಲಿದ್ದರೆ, ಅಥವಾ ಕಿಂಡಿಯೇ ಇಲ್ಲದಿದ್ದರೆ, ಅದನ್ನು ಕಟ್ಟಿಕೊಂಡು ಯಾರೂ ಕುಣಿಯಲಾರರು. ಅದು ಗೋಡೆಗೆಂದು ಮಾಡಿದ್ದು. ಕಿಂಡಿ ಸರಿಯಾಗಿದ್ದರೆ ಎರಡು ಮೂರು ಹೆಜ್ಜೆ ಮುಂದಿನ ನೆಲ ಕಾಣಬೇಕು, ಏಕೆಂದರೆ ಕುಣಿತ ನಡೆಯುವುದು ಹೆಚ್ಚಾಗಿ ಚರ್ಚಿನ ಮುಂದಿನ ಕಲ್ಲುಹಾಸಿನ ಅಂಗಳದಲ್ಲಿ. ಮೂಗಿಗೆ ಒಳಗೆ ಜಾಗ ಬಿಟ್ಟಿದ್ದಾರೆಯೇ, ಉಸಿರಾಡಲು ಮೂಗಿನ ಹೊಳ್ಳೆಯಲ್ಲೋ ಬಾಯಲ್ಲೋ ತೂತಿದೆಯೇ ಎಂದೂ ನೋಡಬೇಕು. ಮೊಗವಾಡ ನಿಮ್ಮ ಮುಖಕ್ಕಿಂತ ಚಿಕ್ಕದಾಗಿ ಕಂಡರೆ ಅಚ್ಚರಿ ಬೇಡ. ಕುಣಿಯುವವರು ತಲೆ, ಗಲ್ಲಗಳನ್ನೆಲ್ಲ ಬಟ್ಟೆಯಿಂದ ಸುತ್ತಿಕೊಂಡು, ಅದರ ಮೇಲೆ ಮೊಗವಾಡ ಕಟ್ಟುತ್ತಾರೆ. ಮುಖದ ಅಂಚು ಬಟ್ಟೆಯಿಂದ ಮುಚ್ಚಿಹೋಗುತ್ತದೆ.

ಈ ಒಂದು ಪರೀಕ್ಷೆ ಅರ್ಧಕ್ಕರ್ಧ ಗೊಂದಲವನ್ನು ಕಳೆಯುತ್ತದೆ. ಗೋಡೆಗೆಂದು ಮಾಡಿದ್ದನ್ನು ಕೊಳ್ಳುವುದು ತಪ್ಪಲ್ಲ. ಅದನ್ನೂ ಒಬ್ಬ ಕೆಲಸಗಾರ ಕೈಯಾರೆ ಕೆತ್ತಿ ಹೊಟ್ಟೆ ಹೊರೆಯುತ್ತಾನೆ. ಕುಣಿದದ್ದು ಎಂದು ಹೇಳಿ ಕುಣಿಯದ್ದನ್ನು ಮಾರುವುದು ಮಾತ್ರ ತಪ್ಪು.

ನಾಲ್ಕನೆಯ ಹೆಜ್ಜೆ: ಮರವನ್ನು ಕೈಯಲ್ಲಿ ತೂಗಿ, ಮೂಸಿ ನೋಡಿ

ಹೆಚ್ಚಾಗಿ ಬಳಸುವುದು ಪೈನ್ ಮತ್ತು ‘ಸೆದ್ರೊ’ ಮರಗಳನ್ನು. ಸೆದ್ರೊ ನಮ್ಮ ಪಶ್ಚಿಮ ಘಟ್ಟದ ಗಂಧಗರಿಗೆ ಮರದ ಹತ್ತಿರದ ಸಂಬಂಧಿ. ಕೆಂಪು ಛಾಯೆ, ಮೃದುವಾದ ಎಳೆ, ಪರಿಮಳ ಇವು ಅದರ ಗುರುತು, ಮತ್ತು ಆ ಪರಿಮಳವೇ ಹುಳುಗಳನ್ನು ಸ್ವಲ್ಪಮಟ್ಟಿಗೆ ದೂರವಿಡುತ್ತದೆ. ‘ಪಿತೊ’ ಎಂಬ ಮತ್ತೊಂದು ಮರ ನಮ್ಮ ಹಾಲುವಾಣದ ಕುಲದ್ದೇ: ಕೆಂಪು ಹೂವು, ಕೆಂಪು ಬೀಜ, ಹಗುರವಾದ ಕಟ್ಟಿಗೆ. ಕಿಚೆ ಭಾಷೆಯಲ್ಲಿ ಅದು ‘ತ್ಸಿತೆ’. ಪೊಪೋಲ್ ವುಹ್‌ನ ಮರದ ಗಂಡಸರನ್ನು ಕೆತ್ತಿದ್ದು ಇದೇ ಮರದಲ್ಲಿ, ಮತ್ತು ಇದರ ಬೀಜಗಳನ್ನು ಎಣಿಸಿಯೇ ಪಂಚಾಂಗ ಬಲ್ಲ ಹಿರಿಯರು ಇಂದಿಗೂ ಕಣಿ ಹೇಳುತ್ತಾರೆ.

ಕೆತ್ತನೆಯ ಕ್ರಮ ತಿಳಿದಿದ್ದರೆ ಗುರುತು ಹಿಡಿಯುವುದು ಸುಲಭ. ಒಣಗಿದ ತುಂಡನ್ನು ಮೊದಲು ಮಚ್ಚಿನಿಂದಲೂ ಬಾಚಿಯಿಂದಲೂ ಒರಟಾಗಿ ಕಡಿದು, ಮೂಗು, ಹುಬ್ಬು, ದವಡೆಯ ಎತ್ತರ ತಗ್ಗುಗಳನ್ನು ಉಳಿಯಿಂದ ಬಿಡಿಸಿ, ಹಿಂಬದಿಯನ್ನು ಬಾಗಿದ ಉಳಿಯಿಂದ ತೋಡಿ, ಕಡೆಗೆ ಚಾಕುವಿನಿಂದ ಸೂಕ್ಷ್ಮ ಕೆಲಸ ಮುಗಿಸಿ ಉಪ್ಪುಕಾಗದದಿಂದ ಉಜ್ಜುತ್ತಾರೆ. ಕುಣಿತಕ್ಕೆಂದು ಕೆತ್ತುವವನು ಹಿಂಬದಿಯನ್ನು ಸಾಕಷ್ಟು ತೋಡಿ ತೂಕ ಇಳಿಸುತ್ತಾನೆ, ಇಲ್ಲವಾದರೆ ಕುಣಿಯುವವನ ಕತ್ತು ಸೋಲುತ್ತದೆ. ನೋಡಲು ಎಷ್ಟೇ ಚೆನ್ನಾಗಿದ್ದರೂ ಕೈಗೆ ಇಟ್ಟಿಗೆಯಂತೆ ಭಾರವೆನಿಸುವ ಚಿಕ್ಕ ಮೊಗವಾಡ ಕುಣಿತದ್ದಾಗಿರುವ ಸಾಧ್ಯತೆ ಕಡಿಮೆ.

ಐದನೆಯ ಹೆಜ್ಜೆ: ಬಣ್ಣದ ಪದರಗಳನ್ನು ಎಣಿಸಿ

ಈ ಹೆಜ್ಜೆಗೆ ‘ಮೊರೆರಿಯಾ’ ಎಂಬ ಮಾತು ಗೊತ್ತಿರಬೇಕು. ಕುಣಿತದ ಮೊಗವಾಡ ಮತ್ತು ಉಡುಗೆಗಳನ್ನು ತಯಾರಿಸಿ ಬಾಡಿಗೆಗೆ ಕೊಡುವ ಮನೆಗೆ ಆ ಹೆಸರು. ಸ್ಪೇನಿನಿಂದ ಬಂದ ‘ಮೂರರು (ಹಿಂದೆ ಸ್ಪೇನನ್ನು ಆಳಿದ ಮುಸ್ಲಿಮರು) ಮತ್ತು ಕ್ರೈಸ್ತರು’ ಎಂಬ ಕುಣಿತದ ‘ಮೊರೊ’ ಎಂಬ ಪದವೇ ಅದರ ಮೂಲ. ತೊತೊನಿಕಪಾನ್ ಸೀಮೆಯೂ ಚಿಚಿಕಾಸ್ತೆನಾಂಗೊವೂ ಇದಕ್ಕೆ ಹೆಸರಾಗಿವೆ. ಊರಿನ ಕುಣಿತದ ತಂಡ ಹಬ್ಬಕ್ಕೆ ಮುಂಚೆ ಅಲ್ಲಿಗೆ ಹೋಗಿ ಇಡೀ ತಂಡಕ್ಕೆ ಬೇಕಾದ್ದನ್ನು ಬಾಡಿಗೆಗೆ ತರುತ್ತದೆ. ಕುಣಿತ ಹರಕೆಯಾದ್ದರಿಂದ ಆ ಹಣವನ್ನು ಕುಣಿಯುವವರೇ ಹೊಂದಿಸಬೇಕು, ಅದು ಸಣ್ಣ ಹೊರೆಯಲ್ಲ.

ಬಾಡಿಗೆಗೆ ಹೋಗಿಬಂದ ಮೊಗವಾಡದ ಬಣ್ಣ ಸುಲಿದಿರುತ್ತದೆ, ಮುಂದಿನ ಹಬ್ಬಕ್ಕೆ ಅದರ ಮೇಲೆ ಮತ್ತೆ ಬಣ್ಣ ಬಳಿಯುತ್ತಾರೆ. ಹೀಗೆ ವರ್ಷಗಳು ಕಳೆದಂತೆ ಪದರದ ಮೇಲೆ ಪದರ ಕೂಡುತ್ತದೆ. ಬಣ್ಣ ಎಗರಿದ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿದರೆ ಅಂಚಿನಲ್ಲಿ ಬೇರೆ ಬೇರೆ ಬಣ್ಣದ ಗೆರೆಗಳು ಕಾಣುತ್ತವೆ, ಎಲ್ಲಕ್ಕಿಂತ ಕೆಳಗೆ ಬಿಳಿಯ ತಳಬಣ್ಣವಿರಬಹುದು. ಹಲ್ಲು, ಹುಬ್ಬುಗಳ ಕೆತ್ತನೆಯ ಅಂಚು ದಪ್ಪ ಬಣ್ಣದಲ್ಲಿ ಮೊಂಡಾಗಿರುವುದೂ ಇದೇ ಕಾರಣಕ್ಕೆ. ಗಾಜಿನ ಕಣ್ಣು, ನುಣುಪಾದ ಮೈಬಣ್ಣ ಇವು ವಸಾಹತು ಕಾಲದ ಚರ್ಚುಗಳಿಗೆ ಸಂತರ ಮರದ ಮೂರ್ತಿಗಳನ್ನು ಮಾಡುತ್ತಿದ್ದವರ ಕಲೆಯಿಂದ ಬಂದವು.

ಮೇಲಿನ ಬಣ್ಣ ಕೆರೆದು ‘ಮೂಲ’ ಬಣ್ಣವನ್ನು ಹೊರತೆಗೆದ ಮೊಗವಾಡವನ್ನು ಕೆಲವರು ಹೆಚ್ಚಿನ ಬೆಲೆಗೆ ಮಾರುತ್ತಾರೆ. ನನಗೆ ಇದು ಹಾನಿಯಾಗಿಯೇ ಕಾಣುತ್ತದೆ. ಆ ಪದರಗಳು ಅದು ಕುಣಿದ ವರ್ಷಗಳ ಲೆಕ್ಕ. ಅವನ್ನು ಕೆರೆದವರು ಲೆಕ್ಕದ ಪುಸ್ತಕವನ್ನೇ ಹರಿದಂತೆ.

ಆರನೆಯ ಹೆಜ್ಜೆ: ತಿರುಗಿಸಿ ಹಿಂಬದಿ ನೋಡಿ

ಎಲ್ಲ ಹೆಜ್ಜೆಗಳಲ್ಲಿ ಇದು ದೊಡ್ಡದು. ಅವಸರವಿದ್ದರೆ ಉಳಿದದ್ದನ್ನು ಬಿಟ್ಟು ಇದೊಂದನ್ನಾದರೂ ಮಾಡಬೇಕು. ಕುಣಿದ ಮೊಗವಾಡದ ಹಿಂಬದಿಯಲ್ಲಿ ಹಣೆ, ಕೆನ್ನೆಯ ಮೂಳೆ, ಗಲ್ಲ ತಾಗುವ ಕಡೆ ಮರ ಬೆವರು, ಬಟ್ಟೆಯ ಉಜ್ಜಾಟಗಳಿಂದ ನುಣುಪಾಗಿ ಕಪ್ಪಾಗಿರುತ್ತದೆ. ಮುಖ ತಾಗದ ಆಳವಾದ ತಗ್ಗಿನಲ್ಲಿ ಉಳಿಯ ಗುರುತು ಚೂಪಾಗಿಯೇ ಉಳಿದು, ಮರದ ಬಣ್ಣವೂ ತಿಳಿಯಾಗಿರುತ್ತದೆ. ಈ ವ್ಯತ್ಯಾಸವೇ ಸಾಕ್ಷಿ. ಇಡೀ ಹಿಂಬದಿ ಒಂದೇ ಸಮನೆ ಕಪ್ಪಾಗಿದ್ದರೆ ಹೊಗೆಯನ್ನೋ ಕರಿಯ ಮೇಣವನ್ನೋ ಅನುಮಾನಿಸಬೇಕು. ತೇವಬಟ್ಟೆಯ ತುದಿಯಿಂದ ಒಂದು ಮೂಲೆಯನ್ನು ಮೆಲ್ಲಗೆ ಒತ್ತಿದರೆ ಹಚ್ಚಿದ ಮಸಿ ಬಟ್ಟೆಗೆ ಅಂಟುತ್ತದೆ. ಬಣ್ಣದ ಬದಿಯಲ್ಲಿ ಮಾತ್ರ ಹೀಗೆ ಎಂದೂ ಮಾಡಬಾರದು.

ಆಮೇಲೆ ದಾರದ ತೂತುಗಳು. ದಾರವನ್ನು ಪ್ರತಿ ಸಲವೂ ಹಿಂದಕ್ಕೆ ಎಳೆದು ಬಿಗಿಯುವುದರಿಂದ ತೂತಿನ ಅಂಚು ಒಂದೇ ದಿಕ್ಕಿಗೆ ಸವೆದು, ಉದ್ದುದ್ದಕ್ಕೆ ಹಿಗ್ಗಿರುತ್ತದೆ. ಹೊಸದಾಗಿ ಕೊರೆದ ತೂತು ದುಂಡಗೆ, ಅಂಚು ಚೂಪಾಗಿರುತ್ತದೆ. ಹಳೆಯ ತೂತು ಒಡೆದುಹೋಗಿ ಪಕ್ಕದಲ್ಲಿ ಇನ್ನೊಂದನ್ನು ಕೊರೆದಿದ್ದರೆ, ಸೀಳಿದ ಜಾಗವನ್ನು ತಂತಿಯಿಂದ ಹೊಲಿದಿದ್ದರೆ, ಒಳಗೆ ಬಟ್ಟೆಯ ಮೆತ್ತೆ ಅಂಟಿಸಿದ್ದರೆ ಬೇಸರಪಡಬೇಕಿಲ್ಲ. ಯಾರೋ ಅದನ್ನು ಮತ್ತೆ ಮತ್ತೆ ಬಳಸಿದ್ದಾರೆ ಎಂದು ಅವೆಲ್ಲ ಹೇಳುತ್ತವೆ. ಬಾಡಿಗೆ ಕೊಡುತ್ತಿದ್ದ ಮನೆಯವರ ಹೆಸರಿನ ಮೊದಲಕ್ಷರಗಳೂ ಕೆಲವು ಮೊಗವಾಡಗಳ ಹಿಂದೆ ಸಿಗುತ್ತವೆ, ಅವನ್ನು ತಪ್ಪದೆ ಬರೆದಿಟ್ಟುಕೊಳ್ಳಬೇಕು. ಹುಳು ಕೊರೆದ ತೂತು ಹಳತನಕ್ಕೆ ಪ್ರಮಾಣವಲ್ಲ. ಹುಳು ಹೊಸ ಮರವನ್ನೂ ತಿನ್ನುತ್ತದೆ.

ಏಳನೆಯ ಹೆಜ್ಜೆ: ಊರು ಬಿಟ್ಟದ್ದು ಯಾವಾಗ, ಹೇಗೆ ಎಂದು ಕೇಳಿ

ಹಳೆಯದೆಂದು ಹೇಳುವ ಮೊಗವಾಡದ ವಿಷಯದಲ್ಲಿ ಈ ಪ್ರಶ್ನೆಯನ್ನು ಬಿಡುವಂತಿಲ್ಲ. ಗ್ವಾಟೆಮಾಲಾದಲ್ಲಿ 1960ರಿಂದ 1996ರವರೆಗೆ ಅಂತರ್ಯುದ್ಧ ನಡೆಯಿತು, 1980ರ ದಶಕದ ಮೊದಲ ವರ್ಷಗಳಲ್ಲಿ ಸೇನೆ ಮಾಯಾ ಹಳ್ಳಿಗಳ ಮೇಲೆ ಎರಗಿತು. ರಾಬಿನಾಲ್ ಊರಿನ ಸೀಮೆಗೆ ಸೇರಿದ ರಿಯೊ ನೆಗ್ರೊ ಹಳ್ಳಿಯಲ್ಲಿ 1982ರಲ್ಲಿ ಹೆಂಗಸರು ಮಕ್ಕಳೆನ್ನದೆ ಕೊಂದರು. ಅದೇ ರಾಬಿನಾಲ್ ಊರು ‘ರಾಬಿನಾಲ್ ಅಚಿ’ ಎಂಬ ಕುಣಿತ-ನಾಟಕದ ಊರು. ಮರದ ಮೊಗವಾಡ ತೊಟ್ಟು, ಮರದ ತುನ್ ಮದ್ದಳೆ ಮತ್ತು ಕಹಳೆಗಳ ಜೊತೆ ಪ್ರತಿ ಜನವರಿ 25ರಂದು ಆಡುವ, 2005ರಲ್ಲಿ ಯುನೆಸ್ಕೊ ಮನ್ನಣೆ ಪಡೆದ ಆಟ ಅದು. ಜನ ಪ್ರಾಣ ಉಳಿಸಿಕೊಳ್ಳಲು ಊರು ಬಿಟ್ಟ ಕಾಲದಲ್ಲಿ ಅವರ ಮನೆಯಿಂದ ಹೊರಬಂದ ವಸ್ತು ಇದಾಗಿದ್ದರೆ, ಅದನ್ನು ಕೊಳ್ಳಬೇಕೆ ಎಂಬುದನ್ನು ಬೆಲೆಗಿಂತ ಮೊದಲು ಯೋಚಿಸಬೇಕು.

ನನ್ನ ಸಲಹೆ ಇಷ್ಟು: ಹಳೆಯದನ್ನು ಸಂಗ್ರಹಾಲಯದಲ್ಲಿ ನೋಡಿ, ಹೊಸದನ್ನು ಕೆತ್ತಿದವರ ಕೈಯಿಂದಲೇ ಕೊಳ್ಳಿ. ಗ್ವಾಟೆಮಾಲಾ ನಗರದ ರಾಷ್ಟ್ರೀಯ ಪುರಾತತ್ವ ಮತ್ತು ಜನಾಂಗ ಸಂಗ್ರಹಾಲಯವನ್ನೂ, ಆಂತಿಗುವಾ ಪಕ್ಕದ ಹೊಕೊತೆನಾಂಗೊದಲ್ಲಿರುವ ‘ಕಾಸಾ ಕೊಹೋಮ್’ ಎಂಬ ಮಾಯಾ ಸಂಗೀತದ ಸಂಗ್ರಹಾಲಯವನ್ನೂ ಮೊದಲು ನೋಡಿ, ಆಮೇಲೆ ಸಂತೆಗೆ ಹೋದರೆ ಕಣ್ಣು ಪಳಗಿರುತ್ತದೆ.

ಎಂಟನೆಯ ಹೆಜ್ಜೆ: ಸಾಧ್ಯವಾದರೆ ಕುಣಿತವನ್ನೇ ನೋಡಿ

ಚಿಚಿಕಾಸ್ತೆನಾಂಗೊದ ಸಂತ ತೊಮಾಸನ ಹಬ್ಬದ ಮುಖ್ಯ ದಿನ ಡಿಸೆಂಬರ್ 21. ಹೊಯಾಬಾಹ್ ಊರಿನದು ಆಗಸ್ಟ್ 15, ಕುಬುಲ್ಕೊದ್ದು ಜುಲೈ 25. ಗಡಿಯಾಚೆ ಬೆಲೀಜ್ ದೇಶದ ತೊಲೆದೊ ಜಿಲ್ಲೆಯ ಸಾನ್ ಅಂತೋನಿಯೊ ಹಳ್ಳಿಯಲ್ಲಿ ಮೊಪಾನ್ ಮಾಯಾ ಜನರ ಜಿಂಕೆಯ ಕುಣಿತ ಆಗಸ್ಟ್ 25ರ ಸಂತ ಲೂಯಿಯ ಹಬ್ಬದ ಸುಮಾರಿಗೆ ಬರುತ್ತದೆ. ಯಾವ ವರ್ಷ ಯಾವ ಕುಣಿತ ಎಂಬುದು ಊರಿನವರ ಹರಕೆ ಮತ್ತು ಹಣದ ಮೇಲೆ ನಿಂತಿರುವುದರಿಂದ ಅಲ್ಲಿಗೆ ಹೋಗಿಯೇ ವಿಚಾರಿಸಬೇಕು.

ಹಬ್ಬಕ್ಕೆ ಮುಂಚೆ ಮೊಗವಾಡಗಳ ಮುಂದೆ ಮೇಣದ ಬತ್ತಿ ಹಚ್ಚಿ, ‘ಪೋಮ್’ ಎಂಬ ಮರದ ಅಂಟಿನ ಧೂಪ ಹಾಕಿ, ಹಿಂದೆ ಅವನ್ನು ಕಟ್ಟಿ ಕುಣಿದು ತೀರಿಕೊಂಡವರನ್ನೂ ನೆನೆಯುವ ಪದ್ಧತಿ ಇದೆ. ಅಲ್ಲಿಗೆ ಕರೆಯದೆ ಹೋಗಬಾರದು, ಕರೆದರೂ ಕ್ಯಾಮೆರಾ ಹೊರತೆಗೆಯಬಾರದು. ಅಂಗಳದ ಕುಣಿತದಲ್ಲಿಯೂ ಫೋಟೊ ತೆಗೆಯುವ ಮೊದಲು ತಂಡದ ಹಿರಿಯರನ್ನು ಕೇಳಬೇಕು. ಕೋತಿ ವೇಷದವನು ನಿಮ್ಮ ಟೋಪಿ ಕಸಿದು ಚೇಷ್ಟೆ ಮಾಡಿದರೆ ನಗುತ್ತ ಒಪ್ಪಿಕೊಳ್ಳಿ, ಅವನ ಮೊಗವಾಡಕ್ಕೆ ಮಾತ್ರ ಕೈಹಾಕಬೇಡಿ. ಮಾರಿಂಬಾ ಎಂಬ ಮರದ ಪಟ್ಟಿಗಳ ವಾದ್ಯದ ತಾಳಕ್ಕೆ ಜಿಂಕೆ ತಲೆ ತಗ್ಗಿಸಿ ಎತ್ತುವಾಗ ಕೊಂಬಿನ ನೆರಳು ಮುಖದ ಮೇಲೆ ಹಾಯುವುದನ್ನು ನೋಡಿದವರಿಗೆ, ಅಂಗಡಿಯಲ್ಲಿ ಅತಿಯೆನಿಸಿದ್ದ ಹುಬ್ಬಿನ ಉಬ್ಬು, ಮೂತಿಯ ಉದ್ದ ಏಕೆ ಬೇಕು ಎಂಬುದು ತಿಳಿಯುತ್ತದೆ. ಅವು ದೂರದಿಂದ, ಚಲನೆಯಲ್ಲಿ ಕಾಣಲೆಂದು ಕೆತ್ತಿದವು.

ಒಂಬತ್ತನೆಯ ಹೆಜ್ಜೆ: ಕಾನೂನು ಮತ್ತು ಸಾಗಣೆ

ಗ್ವಾಟೆಮಾಲಾದ ಸಾಂಸ್ಕೃತಿಕ ಆಸ್ತಿಯನ್ನು 1997ರ 26ನೆಯ ಸಂಖ್ಯೆಯ ಕಾನೂನು ಕಾಪಾಡುತ್ತದೆ. ಹಳೆಯ ಮೊಗವಾಡವನ್ನು ಅಪ್ಪಣೆಯಿಲ್ಲದೆ ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಹೊಸದಕ್ಕೆ ಈ ತೊಡಕಿಲ್ಲ, ಆದರೆ ಕೆತ್ತಿದವರ ಹೆಸರು, ಊರು, ದಿನಾಂಕವಿರುವ ರಸೀದಿ ಕೈಯಲ್ಲಿರಲಿ. ಸೆದ್ರೊ ಮರ 2020ರಿಂದ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟ್ಸ್‌ನ ಎರಡನೆಯ ಪಟ್ಟಿಯಲ್ಲಿದೆ. ಆ ನಿರ್ಬಂಧ ದಿಮ್ಮಿ, ಹಲಗೆ, ಪ್ಲೈವುಡ್‌ಗಳಂಥವಕ್ಕೇ ಹೊರತು ಕೆತ್ತಿ ಮುಗಿಸಿದ ವಸ್ತುವಿಗಲ್ಲ. ಜಾಗ್ವಾರ್‌ನ ತೊಗಲು, ಹಲ್ಲು ಅಂಟಿಸಿದ್ದನ್ನು ಎಂದೂ ಕೊಳ್ಳಬಾರದು, ಜಾಗ್ವಾರ್ ಮೊದಲನೆಯ ಪಟ್ಟಿಯ ಪ್ರಾಣಿ. ಗ್ವಾಟೆಮಾಲಾದ ಬಿಳಿಬಾಲದ ಜಿಂಕೆ ಮೂರನೆಯ ಪಟ್ಟಿಯಲ್ಲಿದೆ, ಆದ್ದರಿಂದ ನಿಜವಾದ ಕೊಂಬಿಗಿಂತ ಮರದ ಕೊಂಬಿನದನ್ನು ಆರಿಸುವುದು ಸುರಕ್ಷಿತ. ಭಾರತದ ವನ್ಯಜೀವಿ ಕಾಯ್ದೆಯೂ 2022ರ ತಿದ್ದುಪಡಿಯ ನಂತರ ಈ ಪಟ್ಟಿಗಳನ್ನು ತನ್ನೊಳಗೆ ಸೇರಿಸಿಕೊಂಡಿದೆ.

ಕಟ್ಟುವಾಗ ಮೊದಲು ಆಮ್ಲವಿಲ್ಲದ ಕಾಗದ ಅಥವಾ ತೊಳೆದ ಹತ್ತಿ ಬಟ್ಟೆ ಸುತ್ತಿ, ಅದರ ಮೇಲೆ 5 ಸೆಂಟಿಮೀಟರ್‌ನಷ್ಟು ಮೆತ್ತೆ ಕೊಡಬೇಕು. ಪ್ಲಾಸ್ಟಿಕ್ ಬಣ್ಣಕ್ಕೆ ನೇರವಾಗಿ ತಾಗಿದರೆ ಅಂಟಿಕೊಳ್ಳುತ್ತದೆ. ಕೊಂಬು, ಕಿವಿ, ನಾಲಗೆಗಳ ಸುತ್ತ ಮೆತ್ತೆಯನ್ನು ತುರುಕದೆ ಖಾಲಿ ಜಾಗ ಬಿಡಬೇಕು, ಒತ್ತಡ ಬಿದ್ದಾಗ ಮೊದಲು ಮುರಿಯುವುದು ಅವೇ.

ಹತ್ತನೆಯ ಹೆಜ್ಜೆ: ಮನೆಯಲ್ಲಿ ಕಾಪಾಡುವುದು

ತಂದ ಕೂಡಲೇ ಗೋಡೆಗೆ ಹಾಕಬೇಡಿ. ಪಾರದರ್ಶಕ ಚೀಲದಲ್ಲಿ ಒಂದು ಬಿಳಿ ಕಾಗದದ ಮೇಲಿಟ್ಟು, ಬಾಯಿ ಕಟ್ಟಿ, ನೆರಳಿನಲ್ಲಿ ಒಂದು ತಿಂಗಳು ಇಡಿ, ವಾರಕ್ಕೊಮ್ಮೆ ನೋಡಿ. ಕಾಗದದ ಮೇಲೆ ಹಿಟ್ಟಿನಂಥ ಹುಡಿ ಉದುರಿದ್ದರೆ ಒಳಗೆ ಹುಳು ಇನ್ನೂ ಬದುಕಿದೆ. ಆಗ ಸೀಮೆಎಣ್ಣೆ, ಗೆದ್ದಲಿನ ಔಷಧ ಎಂದು ಮನೆಮದ್ದು ಮಾಡಿದರೆ ಬಣ್ಣ ಕರಗುತ್ತದೆ. ಕಲಾಕೃತಿ ಸಂರಕ್ಷಣೆಯ ತರಬೇತಿ ಪಡೆದವರ ಹತ್ತಿರ ಒಯ್ಯುವುದೇ ದಾರಿ.

ಎತ್ತರದ ಸೀಮೆಯ ತಂಪಿನಲ್ಲಿ ಒಣಗಿದ ಮರ ನಮ್ಮ ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಬಣ್ಣ ಆ ಚಲನೆಯನ್ನು ತಾಳದೆ ಬಿರಿಯುತ್ತದೆ. ಹೊರಗೋಡೆ, ಅಡುಗೆಮನೆಯ ಪಕ್ಕ, ಏಸಿಯ ಗಾಳಿ ನೇರವಾಗಿ ಬೀಸುವ ಜಾಗ, ಬಿಸಿಲು ಬೀಳುವ ಕಿಟಕಿಯೆದುರು ಇವೆಲ್ಲ ಬೇಡ. ಒಳಗೋಡೆಯಲ್ಲಿ, ಹಿಂದೆ ಗಾಳಿಯಾಡುವಂತೆ ಒಂದು ಬೆರಳಿನಷ್ಟು ಅಂತರ ಬಿಟ್ಟು ಹಾಕಿ. ಹಳೆಯ ದಾರದ ತೂತಿನಿಂದ ಅಥವಾ ಮೂಲ ದಾರದಿಂದ ತೂಗುಹಾಕಬಾರದು, ಸವೆದ ಅಂಚು ಆ ಭಾರಕ್ಕೆ ಸೀಳುತ್ತದೆ. ಕೆಳಗಿನಿಂದ ಎರಡು ಕಡೆ, ಮೇಲೆ ಒಂದು ಕಡೆ ಆತುಕೊಳ್ಳುವ, ಬಟ್ಟೆ ಸುತ್ತಿದ ಲೋಹದ ಕೊಕ್ಕೆಯನ್ನು ಮಾಡಿಸಿ ಅದರಲ್ಲಿ ಕೂರಿಸಬೇಕು. ಧೂಳನ್ನು ಮೃದುವಾದ ಒಣ ಕುಂಚದಿಂದ ಮೇಲಿನಿಂದ ಕೆಳಕ್ಕೆ ಜಾಡಿಸಿದರೆ ಸಾಕು. ತೆಂಗಿನೆಣ್ಣೆ, ಪಾಲಿಶ್, ಒದ್ದೆ ಬಟ್ಟೆ ಯಾವುದೂ ಬೇಕಿಲ್ಲ. ಹಿಂಬದಿಯ ಬೆವರಿನ ಕಲೆಯನ್ನು ಒರೆಸಲೇಬಾರದು.

ಕೊನೆಯದಾಗಿ ಒಂದು ಚೀಟಿ ಬರೆಯಿರಿ: ಕೆತ್ತಿದವರ ಹೆಸರು, ಊರು, ಕುಣಿತದ ಹೆಸರು, ಪ್ರಾಣಿಯ ಕಿಚೆ ಹೆಸರು, ಮರದ ಜಾತಿ, ಕೊಂಡ ದಿನ, ಹಿಂಬದಿಯಲ್ಲಿ ಕಂಡ ಅಕ್ಷರಗಳು, ಮತ್ತು ಅದು ಕುಣಿದದ್ದೋ ಕುಣಿಯದ್ದೋ ಎಂಬ ಮಾತು. ಮರಕ್ಕೆ ಗೋಂದು ಹಚ್ಚಿ ಅಂಟಿಸದೆ, ಹತ್ತಿಯ ದಾರದಿಂದ ಆ ಚೀಟಿಯನ್ನು ಕೊಕ್ಕೆಗೆ ಕಟ್ಟಿ, ಅದರದೇ ಇನ್ನೊಂದು ಪ್ರತಿಯನ್ನು ಎದುರು, ಹಿಂಬದಿಯ ಫೋಟೊಗಳ ಜೊತೆ ಬೇರೆಡೆ ಇಡಿ.